ಲ್ಯಾಪ್‌ಟಾಪಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದೇ?

ಪ್ರಶ್ನೆ: ಯಕ್ಷಗಾನ ಮೇಳಗಳ ತಿರುಗಾಟದ ಅವಧಿಯಲ್ಲಿ ಬಯಲಾಟಗಳನ್ನು 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸುತ್ತೇನೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕುಳಿತು ಅವುಗಳ ಸಂಕಲನ ಮಾಡುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಹನ್ನೊಂದನೆಯ ತಲೆಮಾರಿನ ಐ5 ಪ್ರೊಸೆಸರ್ ಮತ್ತು 8 ಜಿಬಿ ರ್‍ಯಾಮ್ ಇದೆ. ದೃಶ್ಯಗಳು ತಡೆತಡೆದು ಓಡುತ್ತವೆ. ಕೊಳ್ಳುವಾಗ ‘ಐರಿಸ್ ಎಕ್ಸ್‌ಇ’ ಗ್ರಾಫಿಕ್ಸ್ ಎಂದಿದ್ದರು, ಆದರೆ ಡಿವೈಸ್ ಮ್ಯಾನೇಜರಿನಲ್ಲಿ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ಕಾಣಿಸುತ್ತಿದೆ. ನನಗೆ ಮೋಸವಾಗಿದೆಯೇ? ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದೇ?
— ಓದುಗರು, ಬ್ರಹ್ಮಾವರ

ಉತ್ತರ: ಹೆಚ್ಚಾಗಿ ಮೋಸವೇನೂ ಆಗಿಲ್ಲ, ನಿಮ್ಮ ತೊಂದರೆಯ ಮೂಲವೂ ಬಹುಶಃ ಆ ಹೆಸರಿನ ಗೊಂದಲದಲ್ಲಿಯೇ ಅಡಗಿದೆ. ಮೊದಲು ಕಾರ್ಡಿನ ವಿಷಯವನ್ನು ಹೇಳಿಬಿಡುತ್ತೇನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಿಚ್ಚಿ ತೆಗೆಯಬಹುದಾದ ಗ್ರಾಫಿಕ್ಸ್ ಕಾರ್ಡ್ ಎಂಬುದೇ ಇಲ್ಲ, ಏಕೆಂದರೆ ಚಿತ್ರಗಳನ್ನು ರೂಪಿಸುವ ಭಾಗವು ಪ್ರೊಸೆಸರ್ ಚಿಪ್ಪಿನ ಒಳಗೇ ಇದೆ. ಪ್ರತ್ಯೇಕ ಎನ್ವಿಡಿಯಾ ಅಥವಾ ಎಎಂಡಿ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪುಗಳಲ್ಲಿಯೂ ಬಹುಪಾಲು ಸಂದರ್ಭಗಳಲ್ಲಿ ಆ ಚಿಪ್ಪನ್ನು ಮದರ್‌ಬೋರ್ಡಿಗೆ ನೇರವಾಗಿ ಬೆಸುಗೆ ಹಾಕಿರುತ್ತಾರೆ. ಡೆಸ್ಕ್‌ಟಾಪಿನಲ್ಲಿ ಮಾಡುವಂತೆ ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸುವುದು ಇಲ್ಲಿ ಸಾಧ್ಯವಿಲ್ಲ.

ಇನ್ನು ಹೆಸರಿನ ವಿಚಾರ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ. ಅದು ಲ್ಯಾಪ್‌ಟಾಪಿನ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ರ್‍ಯಾಮ್ ಒಂದೇ ಪಟ್ಟಿಯಾಗಿ ಒಂದೇ ಚಾನೆಲ್ಲಿನಲ್ಲಿ, ಅಂದರೆ ಪ್ರೊಸೆಸರಿಗೆ ದತ್ತಾಂಶ ಸಾಗುವ ಒಂದೇ ದಾರಿಯಲ್ಲಿ, ಇದ್ದರೆ ಇಂಟೆಲ್ ಅದೇ ಗ್ರಾಫಿಕ್ಸನ್ನು ‘ಯುಎಚ್‌ಡಿ’ ಎಂದು ತೋರಿಸುತ್ತದೆ, ಎರಡು ಚಾನೆಲ್ಲುಗಳೂ ತುಂಬಿದಾಗ ಮಾತ್ರ ‘ಐರಿಸ್ ಎಕ್ಸ್‌ಇ’ ಎಂದು ತೋರಿಸುತ್ತದೆ. ವ್ಯತ್ಯಾಸ ಹೆಸರಿಗಷ್ಟೇ ಸೀಮಿತವಲ್ಲ. 3200ರ ವೇಗದ ಡಿಡಿಆರ್4 ರ್‍ಯಾಮ್ ಒಂದು ಚಾನೆಲ್ಲಿನಲ್ಲಿ ಸೆಕೆಂಡಿಗೆ 25.6 ಗಿಗಾಬೈಟ್ ದತ್ತಾಂಶವನ್ನು ಸಾಗಿಸಬಲ್ಲದು, ಎರಡರಲ್ಲಿ 51.2 ಗಿಗಾಬೈಟ್. ಅಂದರೆ ನಿಮ್ಮ ಗ್ರಾಫಿಕ್ಸ್ ಈಗ ಅರ್ಧ ಆಹಾರದಲ್ಲಿ ಕೆಲಸ ಮಾಡುತ್ತಿದೆ.

ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ‘ಮೆಮೊರಿ’ಯನ್ನು ತೆರೆದು, ಎಷ್ಟು ಸ್ಲಾಟುಗಳಿವೆ, ಎಷ್ಟು ಬಳಕೆಯಲ್ಲಿವೆ ಎಂದು ನೋಡಿ. ಎರಡರಲ್ಲಿ ಒಂದು ಖಾಲಿಯಿದ್ದರೆ, ಈಗಿರುವ ಪಟ್ಟಿಯ ವೇಗವನ್ನೇ ಹೊಂದಿರುವ ಮತ್ತೊಂದು 8 ಜಿಬಿ ಪಟ್ಟಿಯನ್ನು ಹಾಕಿಸಿ. ಗ್ರಾಫಿಕ್ಸಿಗಾಗಿ ನೀವು ಮಾಡಬಹುದಾದ ಅತ್ಯಂತ ಅಗ್ಗದ ಮತ್ತು ಅತ್ಯಂತ ಫಲಕಾರಿ ಸುಧಾರಣೆ ಇದು, ಮತ್ತು ಇದನ್ನು ಮಾಡದೆ ಬೇರೆ ಯಾವುದಕ್ಕೂ ಹಣ ಹಾಕಬೇಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲವು ತೆಳು ಮಾದರಿಗಳಲ್ಲಿ ರ್‍ಯಾಮನ್ನೂ ಬೆಸುಗೆ ಹಾಕಿರುತ್ತಾರಾದ್ದರಿಂದ, ಪಟ್ಟಿ ಕೊಳ್ಳುವ ಮೊದಲು ಹಿಂಬದಿಯ ಮುಚ್ಚಳ ತೆಗೆಸಿ ಕಣ್ಣಾರೆ ನೋಡುವುದು ಒಳ್ಳೆಯದು.

ಸಂಕಲನಕ್ಕೆ ಸಂಬಂಧಿಸಿದ ಇನ್ನೊಂದು ಮಾತನ್ನು ಹೇಳಲೇಬೇಕು. ದೃಶ್ಯ ತಡವರಿಸಲು ಗ್ರಾಫಿಕ್ಸ್ ದುರ್ಬಲವಾಗಿರುವುದೊಂದೇ ಕಾರಣವಲ್ಲ. ಕ್ಯಾಮೆರಾ ಒತ್ತಿ ಚಿಕ್ಕದಾಗಿಸಿದ ಕಡತವನ್ನು ಪ್ರತಿ ಕ್ಷಣವೂ ಬಿಡಿಸುವ ಕೆಲಸವೂ ಭಾರವಾದದ್ದೇ. ಈಚಿನ ಅನೇಕ ಕ್ಯಾಮೆರಾಗಳು 10 ಬಿಟ್ 4:2:2 ಮಾದರಿಯ ಎಚ್.265 ಕಡತಗಳನ್ನು (ಬಣ್ಣದ ವಿವರ ಹೆಚ್ಚಿರುವ, ಬಹಳ ಒತ್ತಿದ ವಿಡಿಯೊ) ಕೊಡುತ್ತವೆ. ಇವುಗಳನ್ನು ಬಿಡಿಸುವ ವ್ಯವಸ್ಥೆ ನಿಮ್ಮ ಇಂಟೆಲ್ ಚಿಪ್ಪಿನಲ್ಲಿ ಇದೆ, ಆದರೆ ಎನ್ವಿಡಿಯಾದ ಆರ್‌ಟಿಎಕ್ಸ್ 50 ಸರಣಿಗಿಂತ ಹಿಂದಿನ ಕಾರ್ಡುಗಳಲ್ಲಿ ಇಲ್ಲ. ದುಬಾರಿ ಕಾರ್ಡು ಬಣ್ಣ ತಿದ್ದುವುದಕ್ಕೂ ರಾತ್ರಿ ಚಿತ್ರೀಕರಣದ ಕಾಳುಕಾಳನ್ನು ನಿವಾರಿಸುವುದಕ್ಕೂ ನಿಶ್ಚಯವಾಗಿ ನೆರವಾಗುತ್ತದೆ. ಹಾಗೆಂದು ನಿಮ್ಮ ಮುಖ್ಯ ತೊಂದರೆಯನ್ನೂ ಅದೇ ನೀಗಿಸುತ್ತದೆ ಎನ್ನಲಾಗದು. ಸಂಕಲನದ ತಂತ್ರಾಂಶದಲ್ಲಿ ‘ಪ್ರಾಕ್ಸಿ’ ಎಂಬ ಅನುಕೂಲವಿರುತ್ತದೆ. ಅದು ಮೂಲ ಕಡತಗಳ ಹಗುರವಾದ ಪ್ರತಿಗಳನ್ನು ತಯಾರಿಸಿ, ಕತ್ತರಿಸುವ ಕೆಲಸವನ್ನು ಅವುಗಳ ಮೇಲೆ ನಡೆಸಿ, ಕೊನೆಯಲ್ಲಿ ಮಾತ್ರ ಮೂಲವನ್ನು ಬಳಸುತ್ತದೆ. ಇಡೀ ರಾತ್ರಿಯ ಆಟವನ್ನು ಸಂಕಲಿಸುವವರಿಗೆ ಇದು ಅತ್ಯಗತ್ಯ.

ಇಷ್ಟಾದರೂ ಸಾಲದಿದ್ದರೆ ಹೊರಗಿನ ಕಾರ್ಡಿನ ದಾರಿಯೊಂದಿದೆ. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತಿದ್ದು, ಅದು ನಿಜವಾಗಿ ಥಂಡರ್‌ಬೋಲ್ಟ್ ಎಂಬ ಅತಿವೇಗದ ಸಂಪರ್ಕವಾಗಿದ್ದರೆ, ಪ್ರತ್ಯೇಕ ಪೆಟ್ಟಿಗೆಯಲ್ಲಿ ಡೆಸ್ಕ್‌ಟಾಪ್ ಕಾರ್ಡನ್ನಿಟ್ಟು ತಂತಿಯ ಮೂಲಕ ಜೋಡಿಸಬಹುದು. ಆದರೆ ಥಂಡರ್‌ಬೋಲ್ಟ್ 4ರಲ್ಲಿ ಕಾರ್ಡಿಗೆ ಸಿಗುವ ದಾರಿ ಸೆಕೆಂಡಿಗೆ 32 ಗಿಗಾಬಿಟ್, ಡೆಸ್ಕ್‌ಟಾಪಿನ ನಾಲ್ಕನೆಯ ತಲೆಮಾರಿನ ಪೂರ್ಣ ಪಿಸಿಐಇ ಸ್ಲಾಟಿನಲ್ಲಿ (ಕಾರ್ಡ್ ಸಿಕ್ಕಿಸುವ ಕಿಂಡಿ) ಆದರೆ ಸುಮಾರು 250 ಗಿಗಾಬಿಟ್. ಚಿತ್ರವನ್ನು ಲ್ಯಾಪ್‌ಟಾಪಿನ ಪರದೆಗೇ ಮರಳಿ ತಂದರೆ ಆ ಕಿರಿದಾದ ದಾರಿಯೂ ಹಂಚಿಹೋಗುತ್ತದೆ, ಆದ್ದರಿಂದ ಕಾರ್ಡಿಗೇ ಬೇರೆ ಮಾನಿಟರ್ ಜೋಡಿಸಬೇಕಾಗುತ್ತದೆ. ಪೆಟ್ಟಿಗೆ, ಪವರ್ ಸಪ್ಲೈ, ಕಾರ್ಡ್, ಮಾನಿಟರ್ ಎಲ್ಲವನ್ನೂ ಕೂಡಿಸಿ ನೋಡಿದಾಗ ಅದೇ ಹಣಕ್ಕೆ ಸಾಧಾರಣ ಡೆಸ್ಕ್‌ಟಾಪನ್ನೇ ಕಟ್ಟಿಸಿಕೊಳ್ಳುವುದು ಲೇಸೆಂದು ನನಗನಿಸುತ್ತದೆ. ನೀವು ಸಂಕಲನ ಮಾಡುವುದು ಮನೆಯಲ್ಲೇ ತಾನೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ನನ್ನಲ್ಲಿರುವ ಹಳೆಯ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪಿನಲ್ಲಿ ಕ್ವಾಡ್ರೊ ಕೆ2100ಎಂ ಕಾರ್ಡ್ ಬಿಡಿಯಾಗಿ ಕುಳಿತಿದೆ. ಯಂತ್ರಕಲಿಕೆಯ ಅಭ್ಯಾಸಕ್ಕಾಗಿ ಅದನ್ನು ಕ್ವಾಡ್ರೊ ಎಂ2200ಕ್ಕೆ ಬದಲಾಯಿಸಬಹುದೇ?
— ಓದುಗರು, ಸುರತ್ಕಲ್

ಉತ್ತರ: ನಿಮ್ಮದು ಮೇಲಿನ ಮಾತಿಗೆ ಅಪವಾದವಾದ ಎಂಎಕ್ಸ್‌ಎಂ ಕಾರ್ಡ್. 2004ರ ಸುಮಾರಿಗೆ ರೂಪುಗೊಂಡ ಈ ಮಾದರಿಯಲ್ಲಿ ಕಾರ್ಡನ್ನು ತಿರುಪು ಬಿಚ್ಚಿ ಬದಲಾಯಿಸಲು ಬರುತ್ತದೆ. ನೀವು ಹೆಸರಿಸಿದ ಎರಡೂ 55 ವ್ಯಾಟಿನವು. ಆದರೆ ಕಿಂಡಿಗೆ ಹೊಂದಿದರೆ ಸಾಲದು: ಶಾಖ ಹೀರುವ ತಾಮ್ರದ ಭಾಗವು ಹೊಸ ಚಿಪ್ಪಿನ ಮೇಲೆ ಸರಿಯಾಗಿ ಕೂರಬೇಕು, ಬಯಾಸ್ (ಲ್ಯಾಪ್‌ಟಾಪನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಹೊಸ ಕಾರ್ಡನ್ನು ಒಪ್ಪಬೇಕು, ಪರದೆಯೂ ಬೆಳಗಬೇಕು. ಇದೇ ಮಾದರಿಯ ಲ್ಯಾಪ್‌ಟಾಪಿನಲ್ಲಿ ಇದೇ ಕಾರ್ಡ್ ಕೆಲಸ ಮಾಡಿರುವುದಕ್ಕೆ ಖಚಿತವಾದ ಆಧಾರ ಸಿಗದೆ ಕೊಳ್ಳಬೇಡಿ.

ನಿಮ್ಮ ಉದ್ದೇಶಕ್ಕಂತೂ ನಾನು ಇದನ್ನು ಸೂಚಿಸಲಾರೆ. ಕೆ2100ಎಂ ಕೆಪ್ಲರ್ ತಲೆಮಾರಿನದು, ಎನ್ವಿಡಿಯಾ ಕಾರ್ಡುಗಳಲ್ಲಿ ಯಂತ್ರಕಲಿಕೆಗೆ ಬೇಕಾಗುವ ‘ಕೂಡಾ’ (CUDA) ತಂತ್ರಾಂಶದ 11ನೆಯ ಆವೃತ್ತಿಯೇ ಅದನ್ನು ಕೈಬಿಟ್ಟಿದೆ. ಎಂ2200 ಮ್ಯಾಕ್ಸ್‌ವೆಲ್ ತಲೆಮಾರಿನದು, 2025ರಲ್ಲಿ ಬಂದ 13ನೆಯ ಆವೃತ್ತಿ ಅದನ್ನೂ ಕೈಬಿಟ್ಟಿತು. ಬಂದ ಕೂಡಲೇ ಹಳೆಯ ಆವೃತ್ತಿಗಳಿಗೆ ಕಟ್ಟುಬೀಳುವ 4 ಜಿಬಿಯ ಕಾರ್ಡಿಗಾಗಿ ವಿದ್ಯಾರ್ಥಿಯೊಬ್ಬರು ಹಣ ಕಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಗೂಗಲ್ಲಿನ ಕಂಪ್ಯೂಟರನ್ನು ಅಂತರ್ಜಾಲದ ಮೂಲಕ ಬಳಸಲು ಬಿಡುವ ಗೂಗಲ್ ಕೊಲ್ಯಾಬಿನಲ್ಲಿ ಮಿತಿಗೊಳಪಟ್ಟು ಉಚಿತವಾಗಿ ಸಿಗುವ ಟಿ4 ಗ್ರಾಫಿಕ್ಸಿನಲ್ಲಿ 16 ಜಿಬಿ ಮೆಮೊರಿ ಇದೆ. ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿ.

ಪ್ರಶ್ನೆ: ನನ್ನ ಮಗನ ಗೇಮಿಂಗ್ ಲ್ಯಾಪ್‌ಟಾಪಿನ ಜಿಟಿಎಕ್ಸ್ 1650 ಚಿಪ್ಪನ್ನು ಕಿತ್ತು ಹೆಚ್ಚು ಶಕ್ತಿಯದನ್ನು ಬೆಸುಗೆ ಹಾಕಿಕೊಡುವುದಾಗಿ ರಿಪೇರಿಯವರೊಬ್ಬರು ಹೇಳುತ್ತಾರೆ. ಒಪ್ಪಬಹುದೇ?
— ಓದುಗರು, ಕಂಕನಾಡಿ

ಉತ್ತರ: ದಯವಿಟ್ಟು ಒಪ್ಪಬೇಡಿ. ಕೆಟ್ಟ ಚಿಪ್ಪಿನ ಜಾಗಕ್ಕೆ ಅದೇ ಚಿಪ್ಪನ್ನು ಹಾಕುವ ಕೌಶಲ ನುರಿತವರಲ್ಲಿ ಇದೆ. ಆದರೆ ಬೇರೆ ಚಿಪ್ಪು ಎಂದರೆ ಅದಕ್ಕೆ ತಕ್ಕ ಮೆಮೊರಿ, ವಿದ್ಯುತ್ ಸರಬರಾಜು, ಬಯಾಸ್ ಮತ್ತು ಶಾಖದ ವ್ಯವಸ್ಥೆ ಎಲ್ಲವೂ ಬೇರೆಯಾಗಬೇಕು, ಮದರ್‌ಬೋರ್ಡ್ ಅದಕ್ಕೆಂದು ರೂಪುಗೊಂಡಿರುವುದಿಲ್ಲ. ಮೊದಲಿಗಿಂತ ವೇಗ ಕುಂದಿದೆ ಎಂಬುದು ನಿಮ್ಮ ಮಗನ ದೂರಾಗಿದ್ದರೆ ಫ್ಯಾನಿನ ಧೂಳನ್ನು ತೆಗೆಸಿ, ಚಿಪ್ಪಿನ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದಾಗಿ ಹಾಕಿಸಿ. ನಮ್ಮ ಕರಾವಳಿಯ ತೇವಭರಿತ ಗಾಳಿಯಲ್ಲಿ ಧೂಳು ರೆಕ್ಕೆಗಳಿಗೆ ಅಂಟಿ ಗಟ್ಟಿಯಾಗುತ್ತದೆ, ಚಿಪ್ಪು ಬಿಸಿಯಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮುಂದೆ ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಗ್ರಾಫಿಕ್ಸಿನ ಹೆಸರಿನ ಜೊತೆಗೆ ಅದಕ್ಕೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ; ಆರ್‌ಟಿಎಕ್ಸ್ 4060ರ ಲ್ಯಾಪ್‌ಟಾಪ್ ಚಿಪ್ಪೊಂದನ್ನೇ ತಯಾರಕರು 35ರಿಂದ 115 ವ್ಯಾಟಿನವರೆಗೆ ಬೇರೆ ಬೇರೆ ಮಿತಿಗಳಲ್ಲಿ ಅಳವಡಿಸುತ್ತಾರೆ.