ಮೊದಲು ಭಾಷೆಗೇ ಒಂದು ವರ್ಷ ಕೊಡಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತುಮಕೂರಿನಲ್ಲಿ ಬಿ.ಎ. ಮುಗಿಸಿ, ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಬಿ1 ಎಂಬ ಮಧ್ಯಮ ಮಟ್ಟದ ಭಾಷಾ ಪರೀಕ್ಷೆ ಪಾಸು ಮಾಡಿದ್ದೀರಿ. ಈಗ ದಕ್ಷಿಣ ಫ್ರಾನ್ಸಿನ ಮೊಂಪೆಲಿಯೇಗೆ ಬಂದು ಫ್ರೆಂಚ್ ಭಾಷೆ, ಸಾಹಿತ್ಯ, ಸಂಸ್ಕೃತಿಯನ್ನು ವಿಶ್ವವಿದ್ಯಾಲಯದಲ್ಲೇ ಓದುವ ಆಸೆ. ಇಲ್ಲಿನ ಮೂರು ವರ್ಷದ ಪದವಿಯಾದ ಲಿಸಾನ್ಸ್‌ಗೆ ನೇರವಾಗಿ ಸೇರಬಹುದೇ ಎಂದು ಕೇಳಿದ್ದೀರಿ. ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ನಾನೂ ಇದೇ ವಿಷಯ ಓದಿದವನು, ಈಗ ಹೊಸದಾಗಿ ಬಂದವರಿಗೆ ಫ್ರೆಂಚ್ ಕಲಿಸುತ್ತೇನೆ. ಖಂಡಿತ ಬನ್ನಿ. ಆದರೆ ನೇರವಾಗಿ ಲಿಸಾನ್ಸ್ ಬೇಡ.

ಲಿಸಾನ್ಸ್‌ಗೆ ಸಾಮಾನ್ಯವಾಗಿ ಅದರ ಮುಂದಿನ ಮಟ್ಟವಾದ ಬಿ2 ಕೇಳುತ್ತಾರೆ. ಇನ್ನಾರು ತಿಂಗಳು ಕಷ್ಟಪಟ್ಟರೆ ಆ ಪ್ರಮಾಣಪತ್ರ ನಿಮಗೆ ಸಿಕ್ಕೀತು. ತೊಂದರೆ ಇರುವುದು ಅದರಾಚೆ. ದೊಡ್ಡ ಉಪನ್ಯಾಸ ಮಂದಿರದಲ್ಲಿ ಪ್ರಾಧ್ಯಾಪಕರು ಎರಡು ಗಂಟೆ ಎಡೆಬಿಡದೆ ಮಾತಾಡುತ್ತಾರೆ. ಪಠ್ಯಪುಸ್ತಕವಿಲ್ಲ, ನೋಟ್ಸ್ ಬರೆಸುವುದಿಲ್ಲ. ನನ್ನ ಮೊದಲ ವಾರದ ನೋಟ್‌ಬುಕ್ ಇನ್ನೂ ಕಪಾಟಿನಲ್ಲಿದೆ. ಒಂದು ಪುಟದಲ್ಲಿ ಹದಿನೇಳನೆಯ ಶತಮಾನದ ರಂಗಭೂಮಿ ಎಂದು ತಲೆಬರಹ. ಅದರ ಕೆಳಗೆ ಕಿವಿಗೆ ಬಿದ್ದ ಒಂದೇ ಪದ, ಕನ್ನಡ ಲಿಪಿಯಲ್ಲಿ: ‘ಬಿಯೆನ್ಸೆಯಾನ್ಸ್’. ಅದು ನಮ್ಮ ಕಾವ್ಯಮೀಮಾಂಸೆಯ ‘ಔಚಿತ್ಯ’ಕ್ಕೆ ಹತ್ತಿರದ ಮಾತು ಎಂದು ತಿಳಿಯಲು ಮೂರು ವಾರ ಬೇಕಾಯಿತು. ತಿಳಿದ ದಿನ ಆದ ಸಂತೋಷ ದೊಡ್ಡದು, ಆದರೆ ಅಷ್ಟರಲ್ಲಿ ಪಾಠ ಮುಂದಿನ ಶತಮಾನಕ್ಕೆ ಹೋಗಿತ್ತು.

ಅದಕ್ಕಿಂತ ಕಷ್ಟದ್ದು ಬರವಣಿಗೆ. ಇಲ್ಲಿ ಅಂಕ ಇಪ್ಪತ್ತಕ್ಕೆ. ಹತ್ತು ಬಂದರೆ ಪಾಸು, ಹದಿನಾಲ್ಕು ಬಂದರೆ ಚೆನ್ನಾಗಿ ಬರೆದಿದ್ದೀರಿ ಎಂದರ್ಥ. ನನ್ನ ಮೊದಲ ‘ದಿಸರ್ತಾಸಿಯೋನ್’ಗೆ, ಅಂದರೆ ವಾದ ಮಂಡಿಸುವ ಪ್ರಬಂಧಕ್ಕೆ, ಬಂದದ್ದು ಏಳು. ವಿಷಯ ಮೊಲಿಯೇರನ ನಾಟಕಗಳಲ್ಲಿನ ನಗು. ಅವನು 1622ರಲ್ಲಿ ಹುಟ್ಟಿದ್ದು, 1673ರಲ್ಲಿ ತೀರಿಕೊಂಡಿದ್ದು, ನಾಟಕಗಳ ಕಥೆ, ಪಾತ್ರಗಳ ಸ್ವಭಾವ, ಗೊತ್ತಿದ್ದುದನ್ನೆಲ್ಲ ಎಂಟು ಪುಟ ತುಂಬಿಸಿದ್ದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: ಪ್ರಾಬ್ಲೆಮಾತೀಕ್ ಎಲ್ಲಿದೆ? ಅಂದರೆ, ಕೊಟ್ಟ ಪ್ರಶ್ನೆಯ ಒಳಗಿರುವ ತೊಡಕನ್ನು ಮೊದಲು ಹುಡುಕಿ ತೆಗೆಯಬೇಕು. ಒಂದು ಪಕ್ಷವನ್ನು ಮನಸ್ಸಿಟ್ಟು ವಾದಿಸಬೇಕು, ಆಮೇಲೆ ಅದನ್ನೇ ಸಂದೇಹಿಸಬೇಕು, ಕೊನೆಗೆ ಎರಡನ್ನೂ ದಾಟಿದ ಒಂದು ನೆಲೆಗೆ ಬರಬೇಕು. ಪೂರ್ವಪಕ್ಷ ಹೂಡಿ ಸಿದ್ಧಾಂತಕ್ಕೆ ಬರುವ ನಮ್ಮ ಶಾಸ್ತ್ರಗ್ರಂಥಗಳ ಕ್ರಮ ಬಲ್ಲವರಿಗೆ ಇದು ತೀರಾ ಅಪರಿಚಿತವಲ್ಲ, ಆದರೆ ನಮ್ಮ ಪರೀಕ್ಷೆಗಳು ಅದನ್ನು ಎಂದೂ ಕೇಳಲಿಲ್ಲ. ಇಲ್ಲಿನ ಮಕ್ಕಳು ಶಾಲೆಯಲ್ಲೇ ಇದರಲ್ಲಿ ಪಳಗಿರುತ್ತಾರೆ. ಹದಿನೆಂಟನೆಯ ವಯಸ್ಸಿಗೆ ತತ್ತ್ವಶಾಸ್ತ್ರದ ನಾಲ್ಕು ಗಂಟೆಯ ಪರೀಕ್ಷೆ ಬರೆದು ಬಂದವರು. ಅವರ ಪಕ್ಕ ಕೂತು, ಭಾಷೆಯನ್ನೂ ಈ ಕ್ರಮವನ್ನೂ ಒಟ್ಟಿಗೆ ಕಲಿಯಲು ಹೋಗಿ ವರ್ಷ ಕಳೆದುಕೊಂಡ ಹಲವರನ್ನು ಕಂಡಿದ್ದೇನೆ.

ಆದ್ದರಿಂದ ಮೊದಲ ವರ್ಷ ಇಲ್ಲಿನ ಪಾಲ್ ವಾಲೇರಿ ವಿಶ್ವವಿದ್ಯಾಲಯದ ಐ.ಇ.ಎಫ್.ಇ. ಎಂಬ ವಿಭಾಗದಲ್ಲಿ, ಅಂದರೆ ವಿದೇಶಿಯರಿಗಾಗಿಯೇ ಇರುವ ಫ್ರೆಂಚ್ ಅಧ್ಯಯನ ಸಂಸ್ಥೆಯಲ್ಲಿ ಓದಿ. ವಿಶ್ವವಿದ್ಯಾಲಯದ್ದೇ ಡಿಪ್ಲೊಮಾ ಸಿಗುತ್ತದೆ. ಒಂದು ಎಚ್ಚರ: ತರಗತಿಯಲ್ಲಿ ಎಲ್ಲರೂ ಹೊರದೇಶದವರೇ, ಬಾಗಿಲು ದಾಟಿದ ಕೂಡಲೇ ಮಾತು ಇಂಗ್ಲಿಷಿಗೆ ಜಾರುತ್ತದೆ. ನಾನು ಒಂದು ಹವ್ಯಾಸಿ ಗಾಯನ ತಂಡಕ್ಕೆ ಸೇರಿದೆ. ಪಕ್ಕದಲ್ಲಿ ನಿಲ್ಲುತ್ತಿದ್ದ ಎಪ್ಪತ್ತು ದಾಟಿದ ಹೆಂಗಸು, ನನ್ನ ಅನುನಾಸಿಕ ತಪ್ಪಿದಾಗಲೆಲ್ಲ ತಮ್ಮ ಮೂಗಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಆ ಬೆರಳು ಕಲಿಸಿದ್ದನ್ನು ಯಾವ ಪುಸ್ತಕವೂ ಕಲಿಸಲಿಲ್ಲ.

ಕನ್ನಡ ಬಲ್ಲವರಾಗಿ ನೀವು ಬರಿಗೈಯಲ್ಲಿ ಬರುತ್ತಿಲ್ಲ. ಫ್ರೆಂಚಿನ ಟಿ ಅಕ್ಷರ ನಮ್ಮ ‘ತ’. ಇಂಗ್ಲಿಷಿನ ದಾರಿಯಿಂದ ಬಂದು ‘ಟ’ ಎನ್ನಬೇಡಿ. ‘ಲ’ ಮತ್ತು ‘ಆಮಿ’ (ಗೆಳೆಯ) ಸೇರಿ ‘ಲಾಮಿ’ ಆಗುವುದು ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಂಥದ್ದೇ ಲೋಪಸಂಧಿ. ‘ಆ’, ‘ಇಲ್’ ನಡುವೆ ತಕಾರ ಬಂದು ‘ಆತಿಲ್’ ಆಗುವುದು ಅಪ್ಪಟ ಆಗಮಸಂಧಿ. ನೀನು, ನೀವು ಎಂಬ ಭೇದವೂ ನಮಗೆ ಹೊಸದಲ್ಲ: ಸಹಪಾಠಿಗೆ ತು, ಅಧ್ಯಾಪಕರಿಗೆ ವೂ. ಕಾಡುವುದು ಲಿಂಗ. ಮೇಜು, ಕುರ್ಚಿಗಳನ್ನೆಲ್ಲ ನಪುಂಸಕಕ್ಕೆ ಬಿಟ್ಟು ನಿಶ್ಚಿಂತೆಯಿಂದ ಇದ್ದ ನಾವು, ಪ್ರತಿ ನಾಮಪದವನ್ನೂ ಅದರ ಪುಲ್ಲಿಂಗದ ‘ಲ’ ಅಥವಾ ಸ್ತ್ರೀಲಿಂಗದ ‘ಲಾ’ ಜೊತೆಗೇ ಬಾಯಿಪಾಠ ಮಾಡಬೇಕು.

ಸಂಸ್ಕೃತಿಯ ಪಾಠದಲ್ಲಿ ಒಂದು ಸಂಗತಿ ನಿಮ್ಮನ್ನು ತಟ್ಟುತ್ತದೆ. ಮೊಂಪೆಲಿಯೇಯ ಹಳೆಯ ಬೀದಿಗಳ ಫಲಕಗಳಲ್ಲಿ ಫ್ರೆಂಚಿನ ಜೊತೆ ಈ ದಕ್ಷಿಣ ಭಾಗದ ಹಳೆಯ ಮಾತಾದ ಒಕ್ಸಿತಾನ್ ಭಾಷೆಯೂ ಇದೆ. 1539ರಲ್ಲಿ ವಿಲೇರ್ ಕೊತ್ರೆ ಎಂಬ ಊರಿನಲ್ಲಿ ಹೊರಟ ರಾಜಾಜ್ಞೆ ನ್ಯಾಯಾಲಯದ ಬರಹಗಳಿಂದ ಲ್ಯಾಟಿನ್ ತೆಗೆದು ಫ್ರೆಂಚ್ ತಂದಿತು. ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ಮಾತು 1992ರಲ್ಲಿ ಸಂವಿಧಾನ ಸೇರಿತು. ಈ ನಡುವೆ ಹಳ್ಳಿ ಶಾಲೆಗಳಲ್ಲಿ ಮನೆಮಾತು ಆಡಿ ಸಿಕ್ಕಿಬಿದ್ದ ಮಗುವಿನ ಕೈಗೆ ಅವಮಾನದ ಗುರುತಾಗಿ ಮರದ ತುಂಡನ್ನೋ ಇನ್ನೇನನ್ನೋ ಕೊಡುತ್ತಿದ್ದರು. ಕನ್ನಡ ಮಾತಾಡಿದ್ದಕ್ಕೆ ಶಾಲೆಯಲ್ಲಿ ದಂಡ ಕಟ್ಟಿದವರು ನಮ್ಮಲ್ಲೂ ಇದ್ದಾರೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫ್ರೆಂಚನ್ನು ಪ್ರೀತಿಸುತ್ತಲೇ ಇದನ್ನೂ ತಿಳಿದಿರಬೇಕು.

ಹಣದ ವಿಷಯ: ಯುರೋಪ್ ಒಕ್ಕೂಟದ ಹೊರಗಿನವರಿಗೆ ಲಿಸಾನ್ಸ್ ಶುಲ್ಕವನ್ನು 2019ರಲ್ಲಿ ವರ್ಷಕ್ಕೆ 2,770 ಯೂರೋಗೆ ಏರಿಸಿದರು, ಆಮೇಲೆ ಇನ್ನಷ್ಟು ಏರಿದೆ, ರಿಯಾಯಿತಿ ಕೊಡುವ ವಿಶ್ವವಿದ್ಯಾಲಯಗಳಿವೆ, ಕೇಳಿ ನೋಡಿ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ದುಡಿಯಬಹುದು. ಊರಿನ ನಿವಾಸಿಗಳಿಗೆ 2023ರ ಡಿಸೆಂಬರ್‌ನಿಂದ ಟ್ರಾಮ್, ಬಸ್ ಉಚಿತ. ಮನೆ ಮಾಲೀಕರು ಜಾಮೀನುದಾರರನ್ನು ಕೇಳಿದರೆ ‘ವಿಸಾಲ್’ ಎಂಬ ಉಚಿತ ಖಾತರಿಗೆ ಅರ್ಜಿ ಹಾಕಿ. ಬಂದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನ್‌ನಲ್ಲಿ ದೃಢಪಡಿಸಲು ಮರೆಯಬೇಡಿ.

ಒಂಟಿತನದ ಬಗ್ಗೆಯೂ ಕೇಳಿದ್ದೀರಿ. ನವೆಂಬರ್‌ನಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಆ ತಿಂಗಳು ಭಾರ. ಆಗ ನಮ್ಮ ಮನೆಗೆ ಬನ್ನಿ, ಸಾರು ಅನ್ನ ಇರುತ್ತದೆ.

ಅರ್ಜಿಯ ಜೊತೆ ಕಳಿಸುವ ಪ್ರೇರಣಾ ಪತ್ರದ ಕರಡನ್ನು ನನಗೆ ಕಳಿಸಿ, ತಿದ್ದಿಕೊಡುತ್ತೇನೆ. ಮೊದಲ ಸಾಲಿನಲ್ಲಿ ಚಿಕ್ಕಂದಿನಿಂದ ಫ್ರೆಂಚ್ ಇಷ್ಟ ಎಂದು ಬರೆದಿದ್ದರೆ ಅದನ್ನು ಅಳಿಸಿ. ನೀವು ಫ್ರೆಂಚಿನಲ್ಲಿ ಕೊನೆಯ ಬಾರಿ ಓದಿದ್ದು ಏನು, ಅದರಲ್ಲಿ ಎಲ್ಲಿ ತಡೆದು ನಿಂತಿರಿ ಎಂದು ಬರೆಯಿರಿ.