ಮೆಟಲ್ ಸ್ಲಗ್ ತಗೊಳ್ಳಿ, ಆದ್ರೆ ಕಾಯಿನ್ ಎಣಿಸಿ ಆಡಿ

ಶಿರಸಿಯಿಂದ ಕೇಳಿದವರಿಗೆ ಈ ಉತ್ತರ. ಮಳೆ ಹಿಡಿದು ಮಗ ಮನೆಯಲ್ಲೇ ಕೂತಿದ್ದಾನೆ, ಹಳೇ ಲ್ಯಾಪ್‌ಟಾಪ್ ಒಂದಿದೆ, ಇಬ್ಬರೂ ಸೇರಿ ಆಡೋಕೆ ಮೆಟಲ್ ಸ್ಲಗ್ ಅನ್ನೋ ಗುಂಡು ಹಾರಿಸ್ತಾ ಮುಂದೆ ಸಾಗೋ ವಿಡಿಯೋ ಗೇಮ್ ತಗೊಳ್ಳಬಹುದಾ, ತಗೊಂಡರೆ ಯಾವ ಭಾಗ ಅಂತ ಕೇಳಿದ್ರಿ. ಅದಕ್ಕೆ ಇನ್ನೊಬ್ಬರು "ಒಂದು ತಾಸಲ್ಲಿ ಮುಗೀತದೆ, ದುಡ್ಡು ದಂಡ" ಅಂದಿದ್ದಾರೆ. ತಾಸಿನ ಲೆಕ್ಕ ಹೆಚ್ಚುಕಮ್ಮಿ ಸರಿ. ದಂಡವೋ ಅಲ್ಲವೋ ಅನ್ನೋದು ಮಾತ್ರ ನೀವು ಹೇಗೆ ಆಡ್ತೀರಿ ಅನ್ನೋದರ ಮೇಲೆ.

ಈ ಆಟವನ್ನು 1996ರಲ್ಲಿ ಜಪಾನಿನ ನಾಜ್ಕಾ ಅನ್ನೋ ತಂಡ ನಿಯೋ ಜಿಯೋ ಯಂತ್ರಕ್ಕೆ ಮಾಡಿತು. ನಿಯೋ ಜಿಯೋ ಅಂದ್ರೆ ಎಸ್‌ಎನ್‌ಕೆ ಅನ್ನೋ ಜಪಾನಿನ ಗೇಮ್ ಕಂಪನಿಯವರ ಕಾಯಿನ್ ಪೆಟ್ಟಿಗೆ, ಗೇಮ್ ಅಂಗಡಿಯಲ್ಲಿ ಕಾಯಿನ್ ಹಾಕಿ ಆಡೋ ಯಂತ್ರ. ಒಂದೇ ಕಾಯಿನ್ನಿಗೆ ಹುಡುಗ ಮಧ್ಯಾಹ್ನವಿಡೀ ಆಡಿದರೆ ಅಂಗಡಿಯವ ಬದುಕೋದು ಹೇಗೆ? ಹಾಗಾಗಿ ಒಂದು ಗುಂಡು ತಾಗಿದರೂ ಸಾವು. ಹಾಗಂತ ಸತ್ತವನಿಗೆ ಬೇಜಾರಾಗಿ ಎದ್ದು ಹೋಗಲೂಬಾರದು, ಇನ್ನೊಂದು ಕಾಯಿನ್ ಹಾಕಬೇಕು. ಆಟದ ಒಳ್ಳೇದು ಕೆಟ್ಟದ್ದು ಎಲ್ಲ ಈ ಒಂದು ಲೆಕ್ಕಾಚಾರದಿಂದಲೇ ಬಂದದ್ದು.

ಒಳ್ಳೇದು ಮೊದಲು. ಕಲಿಯೋಕೆ ಏನೂ ಇಲ್ಲ: ಗುಂಡು, ಜಿಗಿತ, ಗ್ರೆನೇಡ್, ಮೂರೇ ಬಟನ್. ಚಿತ್ರದ ಕೆಲಸ ನೋಡಬೇಕು ಮಾರಾಯ್ರೆ! ನೀವು ಬಂದದ್ದು ಗೊತ್ತಾಗೋ ತನಕ ಶತ್ರು ಸೈನಿಕರು ಹರಟೆ ಹೊಡೀತಾ ಕೂತಿರ್ತಾರೆ, ಕಂಡ ಕೂಡಲೇ ಕಿರುಚಿಕೊಂಡು ಓಡ್ತಾರೆ. ಕಟ್ಟಿಹಾಕಿದ ಗಡ್ಡದ ಕೈದಿಯನ್ನು ಬಿಡಿಸಿದರೆ ಚಡ್ಡಿಯೊಳಗಿಂದ ಒಂದು ಆಯುಧ ತೆಗೆದು ಕೊಟ್ಟು, ಸೆಲ್ಯೂಟ್ ಹೊಡೆದು ಓಡಿಹೋಗ್ತಾನೆ. 'ಎಚ್' ಅಂತ ಬರೆದದ್ದು ಸಿಕ್ಕರೆ ಹೆವಿ ಮಷಿನ್ ಗನ್, 200 ಗುಂಡು. ಅದನ್ನು ಮುಂದಕ್ಕೆ ಹೊಡೀತಾ ಹೊಡೀತಾ ಮೇಲೆ ತಿರುಗಿಸಿದರೆ ಗುಂಡುಗಳು ಬೀಸಣಿಗೆ ಬಿಚ್ಚಿದ ಹಾಗೆ ಹರಡ್ತವೆ. ಮೂಲೆಯಿಂದ ಓರೆಯಾಗಿ ಬರೋರನ್ನು ಹೊಡೆಯೋಕೆ ಇದು ಒಳ್ಳೇ ದಾರಿ, ಮಗನಿಗೆ ಮೊದಲ ದಿನವೇ ಇದನ್ನು ಕಲಿಸಿ. ಹತ್ತಿರ ಹೋದರೆ ಅದೇ ಬಟನ್ ಚಾಕು ಆಗ್ತದೆ, ಗುಂಡೂ ಉಳೀತದೆ, ಅಂಕವೂ ಜಾಸ್ತಿ.

ಸ್ಲಗ್ ಅಂದ್ರೆ ಆಟದಲ್ಲಿ ನೀವು ಹತ್ತಿ ಕೂರೋ ಪುಟ್ಟ ಟ್ಯಾಂಕ್. ಅದು ಒಂದೆರಡು ಏಟು ತಡೀತದೆ. ಇನ್ನೇನು ಸಿಡೀತದೆ ಅನ್ನುವಾಗ ಗುಂಡಿನ ಬಟನ್, ಜಿಗಿತದ ಬಟನ್ ಒಟ್ಟಿಗೆ ಒತ್ತಿ. ನೀವು ಹೊರಗೆ ಹಾರ್ತೀರಿ, ಟ್ಯಾಂಕ್ ತಾನೇ ನುಗ್ಗಿ ಶತ್ರುವಿನ ಮೇಲೆ ಸಿಡೀತದೆ. ಹೊಸಬರು ಟ್ಯಾಂಕ್ ಮೇಲಿನ ಆಸೆಗೆ ಒಳಗೇ ಕೂತು ಸಾಯ್ತಾರೆ.

ಈಗ ಕೆಟ್ಟದ್ದು. ಮನೆಯಲ್ಲಿ ಕಾಯಿನ್ ಪುಕ್ಕಟೆ. ಸತ್ತ ಜಾಗದಲ್ಲೇ ಎದ್ದು ನಿಲ್ತೀರಿ, ಕೈಯಲ್ಲಿ ಹೊಸದಾಗಿ 10 ಗ್ರೆನೇಡ್. ಹಾಗಾಗಿ ದೊಡ್ಡ ಶತ್ರು ಬಂದರೆ ಯೋಚನೆ ಮಾಡೋ ಅಗತ್ಯವೇ ಇಲ್ಲ, ಗ್ರೆನೇಡ್ ಎಲ್ಲ ಎಸೆದು ಸಾಯೋದು, ಎದ್ದು ಮತ್ತೆ ಎಸೆಯೋದು. ತಾಸಲ್ಲಿ ಮುಗಿದು ದಂಡ ಅನ್ನಿಸೋದು ಹೀಗೇ. ಒಬ್ಬರಿಗೆ ಮೂರು ಕಾಯಿನ್, ಮುಗಿದರೆ ಮೊದಲಿಂದ ಅಂತ ಮನೆಯಲ್ಲೇ ಕಾನೂನು ಮಾಡಿ. ಆಗ ಕೈದಿಗಳಿಗೂ ಬೆಲೆ ಬರ್ತದೆ, ಯಾಕಂದ್ರೆ ಸತ್ತರೆ ಅಲ್ಲಿ ತನಕ ಬಿಡಿಸಿದವರ ಲೆಕ್ಕ ಹೋಯ್ತು, ಹಂತದ ಕೊನೆಗೆ ಅವರ ಬೋನಸ್ ಇಲ್ಲ.

ಇನ್ನೊಂದು ದೂರು, ಕೆಲವು ಸಾವು ಶುದ್ಧ ಮೋಸ. ಪರದೆಯ ಆಚೆಯಿಂದ, ಬೆನ್ನ ಹಿಂದಿನಿಂದ ಬಂದು ಬೀಳ್ತಾರೆ. ಯಾರು ಎಲ್ಲಿಂದ ಬರ್ತಾರೆ ಅನ್ನೋದು ಬದಲಾಗದ ಕಾರಣ ಮುಂದಿನ ಸಲ ನೆನಪಿಟ್ಟು ತಪ್ಪಿಸಬಹುದು, ಆದ್ರೆ ಮೊದಲ ಸಲ ಚುರುಕುತನಕ್ಕೆ ಕಿಮ್ಮತ್ತಿಲ್ಲ. ಬಾಯಿಪಾಠ ಇಷ್ಟ ಇಲ್ಲದವರಿಗೆ ಇದು ಬೇಗ ಸಾಕಾಗ್ತದೆ.

ಯಾವ ಭಾಗ ಅಂದ್ರೆ ಮೊದಲನೆಯದರಿಂದ ಶುರು ಮಾಡಿ. ಆರು ಹಂತ, ಅಳತೆ ಚೊಕ್ಕ. ಎರಡನೆಯದು (1998) ಬೇಡ, ಪರದೆ ತುಂಬಿದ ಕೂಡಲೇ ಆಟ ಎತ್ತಿನಗಾಡಿ ಆಗಿಬಿಡ್ತದೆ. ಅದು ಲ್ಯಾಪ್‌ಟಾಪ್ ತಪ್ಪಲ್ಲ, ಮೂಲ ಯಂತ್ರದಲ್ಲೇ ಹಾಗಿತ್ತು. ಅದನ್ನೇ ರಿಪೇರಿ ಮಾಡಿ 1999ರಲ್ಲಿ 'ಎಕ್ಸ್' ಅಂತ ಬಿಟ್ಟರು, ಅದು ತಗೊಳ್ಳಿ. ಮೂರನೆಯದನ್ನು (2000) ಎಲ್ಲರೂ ಹೊಗಳ್ತಾರೆ. ಕಡಲತೀರದ ಮೊದಲ ಹಂತ ನಮ್ಮ ಕರಾವಳಿ ಮಕ್ಕಳಿಗೆ ಹೇಳಿ ಮಾಡಿಸಿದ್ದು: ಆಳೆತ್ತರದ ಏಡಿಗಳು, ಕೊನೆಗೆ ಫಿರಂಗಿ ಹೊತ್ತ ರಾಕ್ಷಸ ಏಡಿ ಸೇತುವೆ ಮುರೀತಾ ಅಟ್ಟಿಸಿಕೊಂಡು ಬರ್ತದೆ. ಎರಡನೇ ಹಂತದಲ್ಲಿ ಜೊಂಬಿ, ಅಂದ್ರೆ ಎದ್ದು ಓಡಾಡೋ ಹೆಣದ, ವಾಂತಿ ತಾಗಿದರೆ ನೀವೂ ಜೊಂಬಿ ಆಗ್ತೀರಿ. ಗಾಬರಿಯಾಗಿ ಔಷಧಿ ಡಬ್ಬಿ ಹುಡುಕಬೇಡಿ. ನಡಿಗೆ ನಿಧಾನ ಆಗ್ತದೆ ನಿಜ, ಆದ್ರೆ ಗ್ರೆನೇಡ್ ಬಟನ್ ಒತ್ತಿದರೆ ಬಾಯಿಂದ ರಕ್ತದ ಕಾರಂಜಿ ಎದ್ದು ಎದುರಿನವರೆಲ್ಲ ಸಾಫ್. ಜೊಂಬಿ ಆಗಿದ್ದಾಗ ಇನ್ನೊಂದು ಸಲ ವಾಂತಿ ತಾಗದ ಹಾಗೆ ನೋಡಿಕೊಂಡರೆ ಸಾಕು. ಕೊನೆಯ ಹಂತ ಮಾತ್ರ ಮುಗಿಯೋದೇ ಇಲ್ಲ. ಆಕಾಶಕ್ಕೆ ಹೋಗಿ ಅಲ್ಲಿಂದಲೂ ಮುಂದೆ ಎಳೀತದೆ. ನನಗೆ ಅದು ಅತಿ ಅನ್ನಿಸಿತು, ಬೈಯೋರು ಬೈಯಿರಿ.

ಮಗನ ವಯಸ್ಸು ಹೇಳಿಲ್ಲ. ವ್ಯಂಗ್ಯಚಿತ್ರದ ಥರ ಇದ್ದರೂ ರಕ್ತ, ಕಿರುಚಾಟ ಧಾರಾಳ. ಕಾರವಾರದ ಟಾಗೋರ್ ತೀರದ ಯುದ್ಧನೌಕೆ ಮ್ಯೂಸಿಯಂ ನೋಡಿ ಬಂದು ಬಂದೂಕು ಬಂದೂಕು ಅನ್ನೋ ಹುಡುಗನಾದರೆ ಖುಷಿ ಪಡ್ತಾನೆ, ರಾತ್ರಿ ಹೆದರೋನಾದರೆ ಮೂರನೆಯದನ್ನು ಸದ್ಯಕ್ಕೆ ಬಿಡಿ.

ಒಂದೇ ಕೀಬೋರ್ಡಲ್ಲಿ ಇಬ್ಬರು ಆಡೋ ಯೋಚನೆ ಬೇಡ. ಅಗ್ಗದ ಕೀಬೋರ್ಡು ಒಟ್ಟಿಗೆ ಒತ್ತಿದ ನಾಲ್ಕೈದು ಕೀಲಿ ಹಿಡಿಯೋದಿಲ್ಲ, ಅಪ್ಪ ಗುಂಡು ಹೊಡೆದರೆ ಮಗ ಜಿಗಿಯೋಕಾಗೋದಿಲ್ಲ, ಅಲ್ಲಿಂದ ಜಗಳ. ಕೈಯಲ್ಲಿ ಹಿಡಿದು ಆಡೋ ಯುಎಸ್‌ಬಿ ಗೇಮ್ ಪ್ಯಾಡ್ ಒಂದಾದರೂ ತನ್ನಿ. ಮೊಬೈಲಲ್ಲಿ ಆಡೋದಂತೂ ಬೇಡವೇ ಬೇಡ, ಗಾಜಿನ ಮೇಲೆ ಹೆಬ್ಬೆರಳು ಜಾರಿ ಮೇಲೆ ಹೊಡೆಯೋದು ಮುಂದಕ್ಕೆ ಹೋಗ್ತದೆ.

ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಾಮಾನ್ಯವಾಗಿ ಜೂನ್ ಕೊನೆಗೆ ರಿಯಾಯಿತಿ ಬರ್ತದೆ, ಅಲ್ಲಿ ತನಕ ಕಾಯಿರಿ. ಅಲ್ಲಿ ಸಿಗೋ ಆಟದಲ್ಲಿ ಹಂತಗಳನ್ನು ಬಿಡಿಬಿಡಿಯಾಗಿ ಆಡೋ ಮಿಷನ್ ಮೋಡ್ ಇದೆ. ಘಟ್ಟದ ಮೇಲೆ ಮಳೆಗಾಲದ ಕರೆಂಟು ನಿಮಗೇ ಗೊತ್ತಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದರೆ ಆ ಮೋಡಲ್ಲೇ ಒಂದೊಂದು ಹಂತ ಆಡಿ.