ಓದುಗರ ಪ್ರಶ್ನೆ: ಅಜ್ಜಿ ಕಾಣದ ಚಿತ್ರದಲ್ಲಿ ದುಃಖ ಎಲ್ಲಿದೆ?

ಪ್ರಶ್ನೆ: ಮಗಳು ಗದಗಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಮೊನ್ನೆ ಮನೆಗೆ ತಂದ ಚಿತ್ರದಲ್ಲಿ ಮುಕ್ಕಾಲು ಪಾಲು ಕಪ್ಪು, ಮೇಲಂಚಿನಲ್ಲಿ ತೆಳುವಾದ ಹಳದಿ ಪಟ್ಟಿ, ಅಷ್ಟೇ. ‘ಅಜ್ಜಿ ಹೋದ ವರ್ಷ’ ಎಂದು ಹೆಸರಿಟ್ಟಿದ್ದಾಳೆ. ಅಜ್ಜಿಯೇ ಇಲ್ಲದ ಮೇಲೆ ದುಃಖ ಕಾಣುವುದು ಹೇಗೆ?
– ಓದುಗರೊಬ್ಬರು, ಲಕ್ಷ್ಮೇಶ್ವರ

ಉತ್ತರ: ಕಪ್ಪು ಎಷ್ಟು, ಹಳದಿ ಎಷ್ಟು ಎಂದು ನೀವೇ ಅಳೆದು ಬರೆದಿದ್ದೀರಿ. ನೋಡಬೇಕಾದದ್ದು ಅದನ್ನೇ. ಮನಸ್ಸಿನಲ್ಲಿಯೇ ಆ ಚಿತ್ರವನ್ನು ತಲೆಕೆಳಗು ಮಾಡಿ: ಕಪ್ಪು ಮೇಲಿನಿಂದ ಹೇರಿಕೊಂಡು ಬರುತ್ತದೆ, ಹಳದಿ ಅದರಡಿ ಸಿಕ್ಕಿಕೊಳ್ಳುತ್ತದೆ. ಬಣ್ಣಗಳು ಅವೇ, ಎದೆಗೆ ತಟ್ಟುವುದು ಬೇರೆ. ಬಣ್ಣ ಎಷ್ಟು ಜಾಗ ಹಿಡಿದಿದೆ, ಎಲ್ಲಿ ಕುಳಿತಿದೆ, ಅಂಚು ಕತ್ತರಿಸಿದಂತಿದೆಯೋ ಕರಗಿದೆಯೋ, ಭಾವ ಹುಟ್ಟುವುದು ಇವುಗಳಿಂದ. ಅಮೆರಿಕದ ಚಿತ್ರಕಾರ ಮಾರ್ಕ್ ರೋತ್ಕೊ ತೆಳುವಾದ ಪದರಗಳ ಮೇಲೆ ಪದರ ಹಚ್ಚಿ ಅಂಚುಗಳನ್ನು ಮಸುಕಾಗಿಸುತ್ತಿದ್ದರು. ನೋಡುವವರು ತಮ್ಮ ದೊಡ್ಡ ಚಿತ್ರಗಳ ತೀರ ಹತ್ತಿರ ನಿಲ್ಲಬೇಕು ಎಂಬುದು ಅವರ ಬಯಕೆಯಾಗಿತ್ತು.

ನಮ್ಮ ಸೀಮೆಯವರಿಗೆ ಇದು ಕಷ್ಟವಾಗಬಾರದು. ಗಂಗೂಬಾಯಿ ಹಾನಗಲ್ಲರ ಆಲಾಪದಲ್ಲಿ ಕಥೆ ಯಾವುದು ಎಂದು ಹುಬ್ಬಳ್ಳಿಯಲ್ಲಿ ಯಾರೂ ಕೇಳಲಿಲ್ಲ. ಸ್ವರವೊಂದು ನಿಂತ ರೀತಿಗೇ ಕಣ್ಣು ತುಂಬಿಕೊಂಡರು. ರಷ್ಯಾದ ಚಿತ್ರಕಾರ ವಾಸಿಲಿ ಕ್ಯಾಂಡಿನ್ಸ್ಕಿಗೂ ಸಂಗೀತವೇ ದಾರಿ ತೋರಿತು. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ಸಂಯೋಜಕ ಶೋನ್‌ಬರ್ಗ್ ಅವರ ಸಂಗೀತ ಕಚೇರಿ ಕೇಳಿದ ಬೆನ್ನಲ್ಲೇ ಅವರು ಒಂದು ಚಿತ್ರ ಬರೆದರು. ಮೊದಲು ಗೀಚಿಕೊಂಡ ಕರಡಿನಲ್ಲಿ ಪಿಯಾನೊ, ಕೇಳುಗರು ಗುರುತು ಸಿಗುತ್ತಾರೆ. ಪೂರ್ಣ ಚಿತ್ರದಲ್ಲಿ ಪಿಯಾನೊ ಒಂದು ಕಪ್ಪು ಆಕಾರವಾಗಿ ಉಳಿದಿದೆ. ಅದರ ಸುತ್ತ ದಟ್ಟ ಹಳದಿ ಇಡೀ ಸಭೆಯನ್ನೇ ಆವರಿಸಿದೆ. ಆ ಹಳದಿಯನ್ನು ನಾನು ನಾದವೆಂದೇ ನೋಡುತ್ತೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಧಾರವಾಡದಲ್ಲಿ ಚಿತ್ರಕಲೆ ಕಲಿಸಿದ ನನಗೆ, ಅಮೂರ್ತ ಕಲೆಯನ್ನು, ಅಂದರೆ ಕಂಡ ವಸ್ತುವನ್ನು ಹಾಗೆಯೇ ಬಿಡಿಸದ ಕಲೆಯನ್ನು, ಅರ್ಥ ಮಾಡಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕಿಲ್ಲ.

ಮಗಳನ್ನು ‘ಇದೇನು?’ ಎಂದು ಕೇಳಬೇಡಿ. ‘ಹಳದಿಯನ್ನು ಅಷ್ಟು ಮೇಲೆ ಏಕೆ ಇಟ್ಟೆಯವ್ವಾ?’ ಎಂದು ಕೇಳಿ, ಆಮೇಲೆ ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಅಜ್ಜಿಯ ಬಗ್ಗೆ ನೀವಿಬ್ಬರೂ ಇನ್ನೂ ಮಾತಾಡಿಲ್ಲವೆಂದು ನನಗೆ ಅನಿಸುತ್ತಿದೆ.

ಪ್ರಶ್ನೆ: ಕೆಂಪು ಎಂದರೆ ಕೋಪ, ನೀಲಿ ಎಂದರೆ ಶಾಂತಿ. ಹೀಗೆ ಎಲ್ಲ ಬಣ್ಣಗಳ ಪಟ್ಟಿ ಕೊಡುವಿರಾ?
– ವಿದ್ಯಾರ್ಥಿನಿ, ಬ್ಯಾಡಗಿ

ಉತ್ತರ: ಕೊಡುವುದಿಲ್ಲ, ತಂಗಿ. ಅಂಥ ಪಟ್ಟಿ ಕಣ್ಣನ್ನು ಕಟ್ಟಿಹಾಕುತ್ತದೆ. ನಿಮ್ಮೂರ ಮಾರುಕಟ್ಟೆಯಲ್ಲಿ ರಾಶಿ ಬಿದ್ದ ಮೆಣಸಿನಕಾಯಿಯ ಕೆಂಪು ಕಣ್ಣಿಗೆ ರಾಚುತ್ತದೆ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕಸೂತಿಯ ಒಂದೆಳೆಯಾಗಿ ಬಂದರೆ ಅದೇ ಕೆಂಪಿನಲ್ಲಿ ಕೋಪ ಎಲ್ಲಿರುತ್ತದೆ? ಪಕ್ಕದ ಬಣ್ಣ ಬದಲಾದರೆ ನಮ್ಮ ಕಣ್ಣಿಗೆ ಬಣ್ಣವೇ ಬೇರೆಯಾಗಿ ಕಾಣುತ್ತದೆ ಎಂಬುದನ್ನು ಚಿತ್ರಕಾರ, ಕಲಾಶಿಕ್ಷಕ ಜೋಸೆಫ್ ಆಲ್ಬರ್ಸ್ 1963ರಲ್ಲಿ ಒಂದು ಇಡೀ ಪುಸ್ತಕವಾಗಿಯೇ ತೋರಿಸಿದರು. ಕೆಂಪು ಕಾಗದದ ಎರಡು ಸಣ್ಣ ಚೌಕ ಕತ್ತರಿಸಿ, ಒಂದನ್ನು ಕಪ್ಪು ಹಾಳೆಯ ಮೇಲೆ, ಇನ್ನೊಂದನ್ನು ಕಿತ್ತಳೆ ಹಾಳೆಯ ಮೇಲೆ ಇಟ್ಟು ನೋಡು. ಕಂಡದ್ದನ್ನು ನನಗೆ ಬರೆದು ಕಳಿಸು.